ಯೆಹೂದ್ಯರ ಪುಸ್ತಕದಂಗಡಿಯಲ್ಲಿ

ಒಂದು ಜನಾಂಗದ ಮನೆವಾರ್ತೆಯನ್ನು ಅರಿಯಬೇಕಾದರೆ ಅವರ ದೇವಾಲಯವನ್ನು ನೋಡಿದರೆ ಸಾಲದು. ಹಬ್ಬದ ಮುನ್ನಾದಿನ ಅವರು ಯಾವ ಅಂಗಡಿಗೆ ಹೋಗಿ ಏನನ್ನು ಕೇಳುವರೆಂಬುದನ್ನೂ ನೋಡಬೇಕು. ನಮ್ಮ ಊರುಗಳಲ್ಲಿ ಗ್ರಂಧಿಗೆ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತವನಿಗೆ ನಮ್ಮ ಸಂಸಾರಗಳ ವಿಷಯವಾಗಿ ತಿಳಿದುಬರುವಷ್ಟು ಸಂಗತಿ ದೊಡ್ಡ ಗ್ರಂಥಗಳಿಂದಲೂ ತಿಳಿಯಲಾರದು. ಈ ತಿಂಗಳು ವಾಚಕರನ್ನು ನಾವು ಅಂಥದೇ ಒಂದು ಅಂಗಡಿಗೆ ಕರೆದೊಯ್ಯಬೇಕೆಂದಿದ್ದೇವೆ. ಅದು ಇರುವುದು ಅಮೆರಿಕಾದ ನ್ಯೂಯಾರ್ಕ್ ನಗರದಲ್ಲಿ. ಇಸ್ರೇಲ್ ದೇಶವನ್ನು ಬಿಟ್ಟರೆ ಯೆಹೂದ್ಯರು ಅತಿ ಹೆಚ್ಚಾಗಿ ನೆಲೆಸಿರುವ ನಗರವೇ ಅದು. ಅಲ್ಲಿಯ ಒಂದು ಪುಸ್ತಕದಂಗಡಿಯ ಮೂಲೆಯಲ್ಲಿ, ಯಜಮಾನರ ಅಪ್ಪಣೆ ಪಡೆದು, ಕೆಲವು ದಿನ ಕುಳಿತು ಬಂದುಹೋಗುವವರನ್ನು ನೋಡುವ ಅವಕಾಶ ನಮಗೆ ದೊರೆತಿತ್ತು.

ಅಂಗಡಿಯೆಂದರೆ ಬರಿಯ ಪುಸ್ತಕಗಳೇ ಅಲ್ಲ. ಒಂದು ಗೋಡೆಯ ತುಂಬ ನಿತ್ಯಪ್ರಾರ್ಥನೆಯ ಪುಸ್ತಕಗಳು, ಹಬ್ಬದ ಪ್ರಾರ್ಥನೆಯ ಪುಸ್ತಕಗಳು, ಮೋಶೆಯ ಪಂಚಗ್ರಂಥಗಳು. ಎದುರು ಗೋಡೆಯಲ್ಲಿ ಕಂದುಬಣ್ಣದ ರಟ್ಟಿನ ಭಾರಿ ಭಾರಿ ತಾಲ್ಮುದ್ ಸಂಪುಟಗಳು. ನಡುವೆ ಮಕ್ಕಳ ಚಿತ್ರದ ಪುಸ್ತಕಗಳು, ಅಡಿಗೆಯ ಪುಸ್ತಕಗಳು. ಇವುಗಳ ಜೊತೆಗೆ ಬೆಳ್ಳಿಯ ದೀಪದ ಕಂಬಗಳು, ತಲೆಗೆ ಇಡುವ ಪುಟ್ಟ ಟೋಪಿಗಳು, ಪ್ರಾರ್ಥನೆಯ ಶಲ್ಯಗಳು, ಮಕ್ಕಳು ಹಬ್ಬದಲ್ಲಿ ಆಡುವ ಬುಗುರಿಗಳು. ಶುಕ್ರವಾರ ಮಧ್ಯಾಹ್ನವೇ ಅಂಗಡಿಯ ಬಾಗಿಲು ಮುಚ್ಚುವುದು. ಅಂದು ಸೂರ್ಯಾಸ್ತಕ್ಕೆ ಸಬ್ಬತ್ ದಿನ ತೊಡಗಿ ಶನಿವಾರ ರಾತ್ರಿ ಮುಗಿಯುವುದು. ಭಾನುವಾರ ಊರೆಲ್ಲ ವಿಶ್ರಮಿಸುವಾಗ ಇಲ್ಲಿ ಸಂತೆಯ ಗದ್ದಲ.

ಬರುವವರಲ್ಲಿ ವಿದ್ವಾಂಸರುಂಟು, ಒಂದಕ್ಷರ ಹೀಬ್ರೂ ಬಾರದವರೂ ಉಂಟು. “ಕಳೆದ ವರ್ಷ ನೋಡಿದ್ದ ಆ ನೀಲಿ ರಟ್ಟಿನ ಪುಸ್ತಕ ಬೇಕು” ಎಂದು, ಹೆಸರನ್ನಾಗಲಿ ಕರ್ತನನ್ನಾಗಲಿ ತಿಳಿಸದೆ ಕೇಳುವ ಗಿರಾಕಿ ಲೋಕದ ಎಲ್ಲ ಪುಸ್ತಕದಂಗಡಿಗಳಿಗೂ ಬರುವನು, ಇಲ್ಲಿಗೂ ಬಂದನು. ಆದರೆ ಈ ಅಂಗಡಿಗೇ ಮೀಸಲಾದ ದೂರುಗಳು ಕೆಲವುಂಟು. ಒಬ್ಬ ತರುಣನು ಹಿಂದಿನ ದಿನ ಕೊಂಡಿದ್ದ ಪುಸ್ತಕವನ್ನು ಹಿಂದಕ್ಕೆ ತಂದು, “ಇದನ್ನು ತಲೆಕೆಳಗಾಗಿ ಹೊಲಿದಿದ್ದಾರೆ, ಕೊನೆಯ ಪುಟ ಮೊದಲು ಬಂದಿದೆ” ಎಂದನು. ಹೀಬ್ರೂ ಬರಹ ನಮ್ಮಲ್ಲಿಯ ಉರ್ದುವಿನಂತೆ ಬಲದಿಂದ ಎಡಕ್ಕೆ ನಡೆಯುವುದಷ್ಟೆ. ಪುಸ್ತಕವೂ ಹಾಗೆಯೇ ತೆರೆಯಬೇಕು. ಯಜಮಾನರು ನಗಲಿಲ್ಲ. ಪುಸ್ತಕವನ್ನು ಅವನ ಕೈಯಲ್ಲಿಯೇ ತಿರುಗಿಸಿ ಕೊಟ್ಟು, “ಈಗ ಸರಿಯಾಯಿತು ನೋಡಿ” ಎಂದರು. ಅವನೇ ನಕ್ಕನು.

ಇನ್ನೊಬ್ಬರ ದೂರು ಇದಕ್ಕಿಂತ ಸೂಕ್ಷ್ಮವಾದದ್ದು. ವಯಸ್ಸಾದ ಮೇಲೆ ಓದಲು ತೊಡಗಿದ ಒಬ್ಬ ಗೃಹಸ್ಥರು ತಾಲ್ಮುದಿನ ಸಂಪುಟವೊಂದನ್ನು ಮೇಜಿನ ಮೇಲಿಟ್ಟು, ಮೊದಲ ಹಾಳೆಯೇ ಇದರಲ್ಲಿಲ್ಲವೆಂದರು. ಸಂಗತಿ ನಿಜ. ತಾಲ್ಮುದಿನ ಹೆಚ್ಚುಕಡಮೆ ಪ್ರತಿಯೊಂದು ಪ್ರಬಂಧವೂ ಎರಡನೆಯ ಹಾಳೆಯಿಂದಲೇ ಆರಂಭವಾಗುವುದು. ಅಚ್ಚಿನವರು ಮುಖಪತ್ರವನ್ನೇ ಒಂದೆಂದು ಎಣಿಸುತ್ತಿದ್ದುದು ಅದಕ್ಕೆ ಕಾರಣ. ಆದರೆ ಹಿರಿಯರು ಅದಕ್ಕೊಂದು ಅರ್ಥವನ್ನು ಹೇಳುವುದುಂಟು: ಎಷ್ಟೇ ಓದಿದವನಾದರೂ ತಾನಿನ್ನೂ ಮೊದಲ ಹಾಳೆಯನ್ನು ಮುಟ್ಟಿಲ್ಲವೆಂಬುದನ್ನು ಮರೆಯಬಾರದಂತೆ. ಗೃಹಸ್ಥರು ಇದನ್ನು ಕೇಳಿ ಸಂಪುಟವನ್ನು ಸಂತೋಷದಿಂದ ಮತ್ತೆ ಚೀಲಕ್ಕೆ ಹಾಕಿಕೊಂಡರು. ಇವರಂಥವರಿಗೆ ಪೋಲೆಂಡಿನ ರಬ್ಬಿ ಮೇಯಿರ್ ಶಪೀರೋ ಎಂಬವರು ೧೯೨೩ರಲ್ಲಿ ಒಂದು ದಾರಿ ತೋರಿದರು. ದಿನಕ್ಕೆ ಒಂದೇ ಒಂದು ಹಾಳೆ. ಲೋಕದಲ್ಲಿ ಎಲ್ಲಿದ್ದರೂ ಎಲ್ಲರೂ ಅಂದು ಅದೇ ಹಾಳೆ. ಹೀಗೆ ೨೭೧೧ ದಿನ, ಎಂದರೆ ಸುಮಾರು ಏಳೂವರೆ ವರ್ಷ ನಡೆದರೆ ಬಾಬಿಲೋನಿನ ತಾಲ್ಮುದ್ ಒಂದು ಸಾರಿ ಮುಗಿಯುವುದು. ಹದಿನಾಲ್ಕನೆಯ ಸುತ್ತು ೨೦೨೦ರ ಜನವರಿ ೫ರಂದು ತೊಡಗಿತು. ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಲೇ ಆ ದಿನದ ಹಾಳೆಯನ್ನು ಮುಗಿಸುವ ವಕೀಲರೂ ಲೆಕ್ಕಿಗರೂ ಈ ಅಂಗಡಿಗೆ ಬಂದು, ಮುಂದಿನ ಸಂಪುಟವನ್ನು ದಿನಸಿ ಕೊಳ್ಳುವಂತೆ ಹೆಸರು ಹೇಳಿ ಕೊಂಡೊಯ್ಯುವರು.

ಉಡುಗೊರೆಗಾಗಿ ಬರುವವರ ಸಂಖ್ಯೆ ದೊಡ್ಡದು. ಗಂಡುಮಗುವಿಗೆ ಹದಿಮೂರು ವರ್ಷ ತುಂಬಿದಾಗ ಅವನು ಧರ್ಮಕ್ಕೆ ಬಾಧ್ಯನಾಗುವನು. ನಮ್ಮಲ್ಲಿಯ ಉಪನಯನವನ್ನು ನೆನೆದರೆ ಆ ಮನೆಯ ಸಡಗರ ತಿಳಿದೀತು. ಹಣವನ್ನು ಕೊಡುವವರು ಹದಿನೆಂಟು ಡಾಲರು, ಮೂವತ್ತಾರು ಡಾಲರು, ಹೀಗೆ ಹದಿನೆಂಟರ ಲೆಕ್ಕದಲ್ಲಿ ಕೊಡುವುದು ವಾಡಿಕೆ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕೆಗಳು. ‘ಬದುಕು’ ಎಂಬ ಅರ್ಥದ ಮಾತಿನ ಎರಡು ಅಕ್ಷರಗಳನ್ನು ಕೂಡಿದರೆ ಹದಿನೆಂಟಾಗುವುದು. ಒಬ್ಬ ಅಜ್ಜಿಯು ಮೊಮ್ಮಗನಿಗಾಗಿ ಬೆಲೆಬಾಳುವ ಪ್ರಾರ್ಥನೆಯ ಪುಸ್ತಕವನ್ನು ಆರಿಸಿಕೊಂಡು, ಬೆಳ್ಳಿಯ ಕಟ್ಟು ಹಾಕಿಸಬೇಕೆಂದರು. ಯಜಮಾನರು, “ಅಮ್ಮಾ, ಹುಡುಗ ಇದನ್ನು ದಿನವೂ ತೆರೆಯಬೇಕೋ, ಗಾಜಿನ ಬೀರುವಿನಲ್ಲಿ ಇಡಬೇಕೋ?” ಎಂದು ಕೇಳಿದರು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಸಾಧಾರಣ ರಟ್ಟಿನ ಪುಸ್ತಕವನ್ನೇ ತೆಗೆದುಕೊಂಡರು. ತನ್ನ ಲಾಭವನ್ನು ತಾನೇ ಕಡಿಮೆ ಮಾಡಿಕೊಳ್ಳುವ ವ್ಯಾಪಾರಿಯನ್ನು ನೋಡುವುದು ಅಪರೂಪ; ಅದಕ್ಕಾಗಿ ಇದನ್ನು ಬರೆದೆವು.

ಬಾಗಿಲಕಂಬದ ವಿಷಯದಲ್ಲಿಯೂ ಹೀಗೆಯೇ. ಧರ್ಮೋಪದೇಶಕಾಂಡದ ಎರಡು ಭಾಗಗಳನ್ನು ಚರ್ಮಪತ್ರದಲ್ಲಿ ಇಪ್ಪತ್ತೆರಡು ಸಾಲುಗಳಾಗಿ ಬರೆದು, ಸುರುಳಿ ಸುತ್ತಿ, ಒಂದು ಪುಟ್ಟ ಕೋಶದಲ್ಲಿಟ್ಟು ಬಾಗಿಲಿನ ಬಲಗಡೆಯ ಕಂಬಕ್ಕೆ ಹೊಡೆಯುವರು. ಇದಕ್ಕೆ ಮೆಜೂಜಾ ಎಂದು ಹೆಸರು. ಹೊಸಮನೆ ಹೂಡಿದ ದಂಪತಿಗಳು ಬಣ್ಣದ ಗಾಜಿನ ಅಂದವಾದ ಕೋಶವನ್ನು ಆರಿಸಿ ಹಣ ಕೊಡಲು ಬಂದರು. ಒಳಗೆ ಏನಿರಬೇಕೆಂಬುದು ಅವರಿಗೆ ತಿಳಿಯದು. ಅಚ್ಚುಹಾಕಿದ ಕಾಗದ ಅದಕ್ಕೆ ಆಗದು; ನಿಯಮವನ್ನರಿತ ಲಿಪಿಕಾರನು ಗರಿಯ ಲೇಖನಿಯಿಂದ ಕೈಯಾರ ಬರೆದದ್ದೇ ಆಗಬೇಕು; ಒಂದು ಅಕ್ಷರ ಕೆಟ್ಟರೂ ಅದು ಸಲ್ಲದು. ಏಳು ವರ್ಷಗಳಲ್ಲಿ ಎರಡು ಸಲ ಬಿಚ್ಚಿ ಪರೀಕ್ಷಿಸಬೇಕೆಂಬ ವಿಧಿಯೂ ಉಂಟು. ಕೋಶಕ್ಕಿಂತ ಸುರುಳಿಯ ಬೆಲೆಯೇ ಹೆಚ್ಚೆಂದು ತಿಳಿದು ಗಂಡನ ಮುಖ ಸಣ್ಣಗಾಯಿತು. ಹೆಂಡತಿ ಗಾಜಿನ ಕೋಶವನ್ನು ಹಿಂದಕ್ಕಿಟ್ಟು, ಮರದ ಸಾದಾ ಕೋಶವನ್ನೂ ಒಳ್ಳೆಯ ಸುರುಳಿಯನ್ನೂ ಕೊಂಡಳು. ಸಂಸಾರವನ್ನು ಆಕೆ ಚೆನ್ನಾಗಿ ನಡೆಸುವಳೆಂದು ನಾವು ಅಲ್ಲಿಯೇ ನಿಶ್ಚಯಿಸಿದೆವು.

ವಸಂತದಲ್ಲಿ ಪಸ್ಕ ಹಬ್ಬ ಸಮೀಪಿಸಿದಾಗ ಅಂಗಡಿಯಲ್ಲಿ ನಿಲ್ಲಲು ಸ್ಥಳವಿರುವುದಿಲ್ಲ. ಆ ರಾತ್ರಿ ಪೂಜೆ ನಡೆಯುವುದು ಊಟದ ಮೇಜಿನ ಸುತ್ತ. ಈಜಿಪ್ಟಿನ ದಾಸ್ಯದಿಂದ ಪೂರ್ವಿಕರು ಬಿಡುಗಡೆ ಹೊಂದಿದ ಕಥೆಯನ್ನು ಹಗ್ಗಾದಾ ಎಂಬ ಪುಸ್ತಕದಿಂದ ಮನೆಯವರೆಲ್ಲರೂ ಓದುವರು. ಎಲ್ಲರಿಗಿಂತ ಚಿಕ್ಕ ಮಗು ಪ್ರಶ್ನೆ ಕೇಳಬೇಕು, ಹಿರಿಯರು ಉತ್ತರ ಹೇಳಬೇಕು. ೧೯೩೨ರಿಂದ ಅಮೆರಿಕಾದ ಒಂದು ಕಾಫಿ ಕಂಪೆನಿ ತನ್ನ ಕಾಫಿಯ ಪ್ರಚಾರಕ್ಕಾಗಿ ಈ ಪುಸ್ತಕವನ್ನು ಪುಕ್ಕಟೆಯಾಗಿ ಹಂಚುತ್ತ ಬಂದಿದೆ. ಆದುದರಿಂದ, “ಕಾಫಿಯ ಜೊತೆಗೆ ಬರುವುದನ್ನು ನಿಮ್ಮಲ್ಲಿ ಹಣ ತೆತ್ತು ಏಕೆ ಕೊಳ್ಳಬೇಕು?” ಎಂದು ಕೇಳುವವರು ಪ್ರತಿವರ್ಷವೂ ಇದ್ದೇ ಇರುವರು. ಅಂಥವರೊಡನೆ ಯಜಮಾನರು ವಾದಿಸುವುದಿಲ್ಲ. ಅವರ ಮನೆಯಲ್ಲಿಯೂ ಅಂಥ ಪ್ರತಿಗಳಿವೆಯಂತೆ. ಒಬ್ಬ ಗೃಹಿಣಿಯ ಕಷ್ಟ ಬೇರೆಯದು. ಆಕೆಯ ಮನೆಯಲ್ಲಿ ಒಂದೇ ಮುದ್ರಣದ ಒಂಬತ್ತು ಪ್ರತಿಗಳಿದ್ದವು. ಈ ವರ್ಷ ಇಬ್ಬರು ಸೊಸೆಯರೂ ಒಂದು ಮಗುವೂ ಹೆಚ್ಚಾಗಿ ಹನ್ನೆರಡು ಬೇಕಾಗಿದ್ದವು. ಮುದ್ರಣ ಬೇರೆಯಾದರೆ ಪುಟದ ಸಂಖ್ಯೆ ಬೇರೆ. ಮೇಜಿನ ಒಂದು ಕೊನೆಯವರು ಓದುವುದು ಇನ್ನೊಂದು ಕೊನೆಯವರಿಗೆ ಸಿಕ್ಕುವುದಿಲ್ಲ. ಅಟ್ಟವನ್ನೆಲ್ಲ ಹುಡುಕಿ ಎರಡು ಹಳೆಯ ಪ್ರತಿ ಸಿಕ್ಕವು. ಮೂರನೆಯದಕ್ಕೇನು ಮಾಡುವುದೆಂದರೆ, “ಮಗುವಿಗೆ ಚಿತ್ರದ ಪುಸ್ತಕ ಕೊಡಿ, ಅದು ಹೇಗೂ ತನ್ನ ಪುಟವನ್ನೇ ಓದುವುದು” ಎಂದು ಯಜಮಾನರ ತೀರ್ಪಾಯಿತು.

ಈಗಿನ ಕಾಲದ ಗಿರಾಕಿಗಳಲ್ಲಿ ಒಂದು ಹೊಸ ಪಂಗಡವುಂಟು. ಇವರು ಬಂದು ಪುಸ್ತಕವನ್ನು ತಿರುವಿ, ಬೆಲೆ ಕೇಳಿ, ಸಲಹೆ ಪಡೆದು, ಕೈಯಲ್ಲಿರುವ ಮೊಬೈಲಿನಿಂದ ಅದರ ಪಟ ತೆಗೆದುಕೊಂಡು, ಮನೆಗೆ ಹೋಗಿ ಅಂತರ್ಜಾಲದಲ್ಲಿ ತರಿಸಿಕೊಳ್ಳುವರು. ಕ್ರಿಸ್ತಶಕ ೨೦೦ರ ಸುಮಾರಿಗೆ ಸಂಗ್ರಹವಾದ ಮಿಶ್ನಾ ಎಂಬ ಧರ್ಮಶಾಸ್ತ್ರದಲ್ಲಿ, ಕೊಳ್ಳುವ ಮನಸ್ಸಿಲ್ಲದವನು ವ್ಯಾಪಾರಿಯನ್ನು ಬೆಲೆ ಕೇಳಬಾರದೆಂಬ ವಿಧಿ ಇದೆ. ಮಾತಿನಿಂದ ಮಾಡುವ ಅನ್ಯಾಯದ ಸಾಲಿಗೆ ಅದನ್ನು ಸೇರಿಸಿದ್ದಾರೆ. ಆ ಶಾಸ್ತ್ರದ ಪುಸ್ತಕವೇ ಅಂಗಡಿಯಲ್ಲಿ ಮಾರಾಟಕ್ಕಿದೆ; ಅದರ ಬೆಲೆಯನ್ನೂ ಹೀಗೆ ಕೇಳಿ ಹೋದವರುಂಟು ಎಂದು ಯಜಮಾನರು ನಮಗೆ ಹೇಳಿದರು. ನಮ್ಮ ವಾಚಕರೂ ಊರಿನ ಅಂಗಡಿಗೆ ಹೋಗುವಾಗ ಈ ವಿಧಿಯನ್ನು ನೆನೆದರೆ ಕೆಡುಕಿಲ್ಲ.

ಎಲ್ಲ ಗಿರಾಕಿಗಳೂ ನಗುವಿಗೆ ವಿಷಯವಲ್ಲ. ಒಂದು ಮಧ್ಯಾಹ್ನ ನಡುವಯಸ್ಸಿನವರೊಬ್ಬರು ಒಳಗೆ ಬಂದು ಬಹಳ ಹೊತ್ತು ಏನನ್ನೂ ಕೇಳದೆ ನಿಂತಿದ್ದರು. ಕೊನೆಗೆ ತಗ್ಗಿದ ದನಿಯಲ್ಲಿ, “ಕದ್ದೀಶ್ ಬೇಕು, ಇಂಗ್ಲಿಷ್ ಅಕ್ಷರದಲ್ಲಿದ್ದರೆ ಒಳ್ಳೆಯದು” ಎಂದರು. ಕದ್ದೀಶ್ ಎಂಬುದು ತಂದೆತಾಯಿಗಳನ್ನು ಕಳೆದುಕೊಂಡವರು ಹನ್ನೊಂದು ತಿಂಗಳ ಕಾಲ, ಕಡಮೆಪಕ್ಷ ಹತ್ತು ಜನ ನೆರೆದ ಪ್ರಾರ್ಥನೆಯಲ್ಲಿ ಹೇಳುವ ಅರಾಮಾಯಿಕ ಭಾಷೆಯ ಸ್ತುತಿ. ಅದರಲ್ಲಿ ಮರಣದ ಮಾತೇ ಇಲ್ಲ; ಇರುವುದೆಲ್ಲ ದೇವರ ಮಹಿಮೆ. ತನಗೆ ಓದಲು ಬಾರದೆಂದು ಹೇಳುವಾಗ ಅವರಿಗಾದ ಸಂಕೋಚವನ್ನು ನೋಡಿ ನಮಗೂ ಮರುಕವಾಯಿತು. ಯಜಮಾನರು ‘ಚಿಕ್ಕಂದಿನಲ್ಲಿ ಕಲಿಯಲಿಲ್ಲವೇ’ ಎಂದು ಕೇಳಲಿಲ್ಲ. ಎಲ್ಲರಿಗೂ ಕೇಳಿಸುವಂತೆ ಮಾತನಾಡಲೂ ಇಲ್ಲ. ನಾಲ್ವರ ಮುಂದೆ ಒಬ್ಬನ ಮುಖ ಬಿಳುಪಾಗುವಂತೆ ಮಾಡುವುದು ರಕ್ತ ಸುರಿಸಿದ್ದಕ್ಕೆ ಸಮಾನವೆಂದು ಅವರ ತಾಲ್ಮುದ್ ಹೇಳುವುದು. ಒಂದು ಚಿಕ್ಕ ಪುಸ್ತಕವನ್ನು ತೆಗೆದು, ಅಂಗಡಿಯ ಹಿಂಭಾಗಕ್ಕೆ ಅವರನ್ನು ಕರೆದೊಯ್ದು, ಸಾಲು ಸಾಲಾಗಿ ಹೇಳಿಕೊಟ್ಟರು. ಎಲ್ಲಿ ನಿಲ್ಲಿಸಬೇಕು, ನೆರೆದವರು ಎಲ್ಲಿ ‘ಆಮೆನ್’ ಎನ್ನುವರು ಎಂಬುದನ್ನು ಸೀಸದ ಕಡ್ಡಿಯಿಂದ ಗುರುತುಮಾಡಿದರು.

ಅನಂತರ, “ತಂದೆಯವರು ತೀರಿಕೊಂಡದ್ದು ಸೂರ್ಯಾಸ್ತಕ್ಕೆ ಮೊದಲೋ, ಆಮೇಲೋ?” ಎಂದು ಕೇಳಿದರು. ಪ್ರಶ್ನೆ ವಿಚಿತ್ರವೆನಿಸೀತು, ಪಂಚಾಂಗ ನೋಡುವ ನಮ್ಮ ಗೃಹಸ್ಥರಿಗೆ ಮಾತ್ರ ಅದರ ಅರ್ಥ ಕೂಡಲೆ ಹೊಳೆಯುವುದು. ಯೆಹೂದ್ಯರ ದಿನ ಸೂರ್ಯಾಸ್ತದಿಂದ ತೊಡಗುವುದು, ತಿಂಗಳು ಚಾಂದ್ರಮಾನದ್ದು, ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ನಮ್ಮ ಅಧಿಕಮಾಸದಂತೆ ಒಂದು ತಿಂಗಳನ್ನು ಸೇರಿಸುವರು. ವಾರ್ಷಿಕದ ದಿನವನ್ನು ಇಂಗ್ಲಿಷ್ ತಾರೀಖಿನಿಂದಲ್ಲ, ಈ ಲೆಕ್ಕದಿಂದ ಗೊತ್ತುಮಾಡಬೇಕು. ಯಜಮಾನರು ಪಂಚಾಂಗವನ್ನು ತೆರೆದು ಮುಂದಿನ ಹತ್ತು ವರ್ಷಗಳ ತಾರೀಖುಗಳನ್ನು ಒಂದು ಕಾಗದದಲ್ಲಿ ಬರೆದು ಕೊಟ್ಟರು. ಬಂದವರು ಅದನ್ನು ಓದಿ, ಮಡಿಸಿ, ಎದೆಯ ಜೇಬಿನಲ್ಲಿ ಇಟ್ಟುಕೊಂಡರು.

ನಮ್ಮ ಮನಸ್ಸಿನಿಂದ ಇನ್ನೂ ಹೋಗದಿರುವುದು ಬೇರೊಂದು ಸಂಗತಿ. ಅಣ್ಣತಂಗಿಯರಿಬ್ಬರು ಕಾರಿನ ತುಂಬ ಪುಸ್ತಕಗಳನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ತೀರಿಹೋದ ತಂದೆಯ ಪುಸ್ತಕಗಳು. ಮನೆಯನ್ನು ತಿಂಗಳ ಕೊನೆಯೊಳಗೆ ತೆರವುಮಾಡಬೇಕು. ಮಕ್ಕಳಿಬ್ಬರಿಗೂ ಆ ಲಿಪಿ ಬಾರದು. ಅರ್ಧಕ್ಕೆ ಮಿಗಿಲಾದ ಪುಸ್ತಕಗಳು ಯಿಡ್ಡಿಷ್ ಭಾಷೆಯವು. ಹೀಬ್ರೂ ಅಕ್ಷರದಲ್ಲಿ ಬರೆಯುವ, ಜರ್ಮನ್ ಮೂಲದ ಈ ಭಾಷೆಯನ್ನು ಎರಡನೆಯ ಮಹಾಯುದ್ಧಕ್ಕೆ ಮೊದಲು ಸುಮಾರು ಒಂದು ಕೋಟಿ ಹತ್ತು ಲಕ್ಷ ಜನ ಆಡುತ್ತಿದ್ದರು. ನಾಜಿಗಳು ಕೊಂದ ಸುಮಾರು ಅರವತ್ತು ಲಕ್ಷ ಯೆಹೂದ್ಯರಲ್ಲಿ ಬಹುಭಾಗದವರ ಮನೆಮಾತು ಇದೇ. ಉಳಿದವರ ಮಕ್ಕಳು ಅಮೆರಿಕಾದಲ್ಲಿ ಇಂಗ್ಲಿಷನ್ನೂ ಇಸ್ರೇಲಿನಲ್ಲಿ ಹೀಬ್ರೂವನ್ನೂ ಹಿಡಿದರು. ಬ್ರೂಕ್ಲಿನ್ ಮುಂತಾದ ಕಡೆಗಳ ಆಚಾರನಿಷ್ಠ ಮನೆಗಳಲ್ಲಿ ಮಕ್ಕಳು ಇಂದಿಗೂ ಅದನ್ನಾಡುವರು. ಆದರೆ ಆ ಮನೆಗಳಲ್ಲಿ ಕಥೆ ಕಾದಂಬರಿಗಳನ್ನು ಓದುವ ವಾಡಿಕೆ ಕಡಮೆ.

“ಇವುಗಳಿಗೆ ಏನು ಕೊಡುವಿರಿ?” ಎಂದು ಅಣ್ಣ ಕೇಳಿದನು. “ಏನೂ ಕೊಡಲಾರೆ. ಕೊಂಡರೆ ಮಾರುವುದು ಯಾರಿಗೆ?” ಎಂದರು ಯಜಮಾನರು. ಹೀಗೆಂದರೂ ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಗಂಟೆಗಟ್ಟಲೆ ಕುಳಿತು ಒಂದೊಂದನ್ನೇ ತೆಗೆದು, ಇದು ಕಥೆ, ಇದು ವ್ಯಾಕರಣ, ಇದು ಪ್ರಾರ್ಥನೆ ಎಂದು ಹೇಳುತ್ತ ಹೋದರು. ತಾಯಿಯ ಕಡೆಯಿಂದ ಬಂದಿದ್ದ ‘ತ್ಸೆನೆ-ರೆನೆ’ ಸಿಕ್ಕಿತು. ಹೀಬ್ರೂ ಕಲಿಯುವ ಅವಕಾಶವಿಲ್ಲದಿದ್ದ ಹೆಂಗಸರಿಗಾಗಿ ಪಂಚಗ್ರಂಥಗಳ ಕಥೆಯನ್ನು ಮನೆಮಾತಿನಲ್ಲಿ ಹೇಳಿದ ಪುಸ್ತಕವಿದು. ಈಗ ಉಳಿದಿರುವ ಅತಿ ಹಳೆಯ ಮುದ್ರಣ ೧೬೨೨ರದು. ಅಂದಿನಿಂದ ತಲೆತಲಾಂತರವಾಗಿ ಹೆಂಗಸರು ಸಬ್ಬತ್ ದಿನದ ಮಧ್ಯಾಹ್ನ ಇದನ್ನು ಓದಿಕೊಂಡು ಬಂದರು. ಆಮೇಲೆ ಒಂದು ಪ್ರಾರ್ಥನೆಯ ಪುಸ್ತಕ ಬಂತು. ಅದರ ಮೊದಲ ಖಾಲಿ ಹಾಳೆಯಲ್ಲಿ ಬೇರೆ ಬೇರೆ ಶಾಯಿಯಲ್ಲಿ ಕೆಲವು ಸಾಲುಗಳಿದ್ದವು. ಯಜಮಾನರು ಓದಿ ಹೇಳಿದರು: ಮನೆಯಲ್ಲಿ ಹುಟ್ಟಿದವರ ಹೆಸರು, ಹುಟ್ಟಿದ ದಿನ. ಕೊನೆಯ ಎರಡು ಹೆಸರು ಎದುರಿಗೆ ನಿಂತಿದ್ದ ಆ ಅಣ್ಣತಂಗಿಯರವೇ. ಅವರಿಗಿಂತ ಮೇಲೆ ಒಂದು ಹೆಸರಿತ್ತು. ಅದು ಯಾರದೆಂದು ಇಬ್ಬರಿಗೂ ತಿಳಿಯದು. ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ತಂಗಿ ಆ ಪುಸ್ತಕವನ್ನೂ ತ್ಸೆನೆ-ರೆನೆಯನ್ನೂ ಎತ್ತಿಕೊಂಡಳು. ಮಿಕ್ಕವನ್ನು ಮೆಸಾಚುಸೆಟ್ಸಿನ ಯಿಡ್ಡಿಷ್ ಪುಸ್ತಕ ಕೇಂದ್ರಕ್ಕೆ ಬರೆದು ಕೇಳಿರೆಂದು ಯಜಮಾನರು ವಿಳಾಸ ಕೊಟ್ಟರು. ಆರನ್ ಲಾನ್ಸ್ಕಿ ಎಂಬ ಇಪ್ಪತ್ತನಾಲ್ಕು ವರ್ಷದ ವಿದ್ಯಾರ್ಥಿ ೧೯೮೦ರಲ್ಲಿ ಅದನ್ನು ಹೂಡಿದಾಗ, ಲೋಕದಲ್ಲಿ ಎಪ್ಪತ್ತು ಸಾವಿರ ಯಿಡ್ಡಿಷ್ ಪುಸ್ತಕಗಳು ಉಳಿದಿದ್ದರೆ ಹೆಚ್ಚೆಂದು ಬಲ್ಲವರು ಹೇಳಿದ್ದರಂತೆ. ಅಟ್ಟ, ನೆಲಮಾಳಿಗೆ, ಕಸದ ತೊಟ್ಟಿಗಳಿಂದ ಅವರು ಕೂಡಿಸಿದ್ದು ಹತ್ತು ಲಕ್ಷಕ್ಕೂ ಮಿಗಿಲು.

ಪುಸ್ತಕ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುವುದು ಯೆಹೂದ್ಯರ ವಾಡಿಕೆ. ಕಾಲಿಗೆ ಸೋಕಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಹೊಸದಲ್ಲ. ದೇವರ ಹೆಸರಿರುವ ಹಾಳೆ ಹರಿದುಹೋದರೂ ಬಿಸಾಡಬಾರದು. ಅದನ್ನು ಒಂದೆಡೆ ಕೂಡಿಟ್ಟು ಮಣ್ಣುಮಾಡಬೇಕು. ಅಂಗಡಿಯ ಬಾಗಿಲ ಬಳಿ ಇದಕ್ಕಾಗಿಯೇ ಒಂದು ಪೆಟ್ಟಿಗೆ ಇದೆ. ಏನನ್ನೂ ಕೊಳ್ಳದೆ, ಹರಿದ ಹಾಳೆಗಳ ಕಟ್ಟನ್ನು ಅದರಲ್ಲಿ ಇಳಿಸಿ, ಕೈಮುಟ್ಟಿ ಹೋಗುವ ಗಿರಾಕಿಗಳೂ ಉಂಟು. ಈ ಪದ್ಧತಿಯಿಂದ ನಮ್ಮ ಕನ್ನಡನಾಡಿಗೇ ಒಂದು ಉಪಕಾರವಾಗಿದೆ. ಈಜಿಪ್ಟಿನ ಹಳೆಯ ಕೈರೋವಿನಲ್ಲಿ ಬೆನ್ ಎಜ್ರಾ ಸಭಾಮಂದಿರದ ಕೋಣೆಯೊಂದರಲ್ಲಿ ಹೀಗೆ ಶತಮಾನಗಳಿಂದ ಕೂಡಿದ್ದ ಕಾಗದಗಳನ್ನು ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ೧೮೯೬-೯೭ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಸಾಗಿಸಿದರು. ಸುಮಾರು ೧,೯೩,೦೦೦ ತುಣುಕುಗಳು. ಅಲ್ಲಿಯ ಕಾಗದಗಳಲ್ಲಿ ಅಬ್ರಹಾಮ್ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನ ಪತ್ರಗಳು ದೊರೆತವು. ಅವನು ಹನ್ನೆರಡನೆಯ ಶತಮಾನದಲ್ಲಿ ಹದಿನೇಳು ವರ್ಷಗಳಷ್ಟು ಕಾಲ ಹಿಂದೂದೇಶದಲ್ಲಿದ್ದನು. ಅದರಲ್ಲಿ ಹೆಚ್ಚಿನ ಕಾಲ ವಾಸವಾಗಿದ್ದುದು ನಮ್ಮ ಮಂಗಳೂರಿನಲ್ಲಿ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತ, ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಏಡನ್ನಿನ ಸ್ನೇಹಿತರು ಅವನಿಗೆ ಉಡುಗೊರೆಯಾಗಿ ಕಳುಹಿಸುತ್ತಿದ್ದ ವಸ್ತುಗಳಲ್ಲಿ ಬರೆಯುವ ಕಾಗದವೂ ಒಂದು; ಆಗ ನಮ್ಮಲ್ಲಿ ಅದು ದುರ್ಲಭ. ಹರಿದ ಹಾಳೆಯನ್ನು ಬಿಸಾಡಬಾರದೆಂಬ ಒಂದು ನಿಷ್ಠೆಯಿಂದ ಎಂಟುನೂರು ವರ್ಷಕ್ಕೂ ಹಿಂದಿನ ಮಂಗಳೂರಿನ ವ್ಯಾಪಾರ ಇಂದು ನಮ್ಮ ಕಣ್ಣಿಗೆ ಕಾಣುವಂತಾಗಿದೆ.

ಈ ಸಂಗತಿಗಳನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ನಮ್ಮ ಮನೆಗಳಲ್ಲಿಯೂ ಅಜ್ಜಂದಿರ ಪುಸ್ತಕಗಳು ಅಟ್ಟದ ಮೇಲಿವೆ. ಮಕ್ಕಳು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕ್ಯಾಲಿಫೋರ್ನಿಯಾದಲ್ಲಿಯೋ ಇರುವರು. ಮೊಮ್ಮಕ್ಕಳು ಕನ್ನಡವನ್ನು ಆಡಿದರೂ ಓದಲರಿಯದ ಮನೆಗಳು ಹೆಚ್ಚುತ್ತಿವೆ. ಅವರನ್ನು ಹಳಿಯುವುದರಿಂದ ಫಲವಿಲ್ಲ. ಓದು ಬಾರದವನನ್ನು ಅಂಗಡಿಯ ಹಿಂಭಾಗಕ್ಕೆ ಕರೆದೊಯ್ದು ಸಾಲು ಸಾಲಾಗಿ ಹೇಳಿಕೊಡುವುದೇ ಸರಿಯಾದ ದಾರಿ. ದಿನಕ್ಕೊಂದು ಹಾಳೆಯಾದರೂ ಸಾಕು. ಮನೆಯ ಹಿರಿಯರು ಇದ್ದಾಗಲೇ ಅಟ್ಟದ ಪುಸ್ತಕಗಳನ್ನು ಕೆಳಗಿಳಿಸಿ, ಧೂಳು ಒರೆಸಿ, ಅವುಗಳ ಮೊದಲ ಹಾಳೆಗಳಲ್ಲಿ ಬರೆದಿರುವ ಹೆಸರುಗಳು ಯಾರವೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಬರುವ ರಜಾದಿನದ ಮಧ್ಯಾಹ್ನಕ್ಕೆ ಇದು ಒಳ್ಳೆಯ ಕೆಲಸ; ಮಕ್ಕಳನ್ನೂ ಏಣಿ ಹಿಡಿಯಲು ಕರೆಯಬಹುದು.